ಕುಬುಸದ ಮನೆಯಲ್ಲಿ ಬರ್ನ್‌ಡೌನ್ ಚಾರ್ಟ್

"ಈ ಸಲ ಬೀಗರ ಬಾಯಿಗೆ ಬೀಗ!" ಎಂದು ಹೇಮಂತ ಘೋಷಿಸಿದ.

ಘೋಷಣೆ ನಡೆದದ್ದು ಬಾಗಲಗುಂಟೆಯ ಅವನ ಮನೆಯ ಹಾಲಿನಲ್ಲಿ. ಕೇಳಿಸಿಕೊಂಡವರು ಹೆಂಡತಿ ಸ್ಮಿತಾ ಮತ್ತು ತಾಯಿ ಸಂಗವ್ವ. ಮುಂದಿನ ಭಾನುವಾರ ಇದೇ ಮನೆಯಲ್ಲಿ ಬಸುರಿ ತಂಗಿ ಐಶ್ವರ್ಯಳ ಕುಬುಸ, ಅಂದರೆ ಸೀಮಂತ. ಅವಳನ್ನು ಕೊಟ್ಟಿರುವುದು ಜಕ್ಕೂರಿಗೆ. ಮದುವೆಯ ದಿನ ಅಡುಗೆ ತಡವಾಗಿ, ಬೀಗರ ಕಡೆಯ ಹಿರಿಯರೆಲ್ಲ ಮಧ್ಯಾಹ್ನ ಮೂರರವರೆಗೆ ಬರಿ ಬಾಳೆಎಲೆ ನೋಡುತ್ತ ಕುಳಿತಿದ್ದರು. ಅಂದಿನಿಂದ ಆ ಮೂರು ಗಂಟೆ ಬೀಗಿತಿಯ ಬಾಯಲ್ಲಿ ದಿನಕ್ಕೊಮ್ಮೆಯಾದರೂ ಹೊಡೆಯುತ್ತಲೇ ಇತ್ತು. ಕೇಳಬೇಕಾದವಳು ಪಾಪ ಐಶ್ವರ್ಯ. ಈ ಸಲವೂ ಎಡವಿದರೆ ಹುಟ್ಟುವ ಕೂಸೂ ಅದನ್ನೇ ಕೇಳಿಕೊಂಡು ಬೆಳೆಯಬೇಕು!

ಹೇಮಂತ ಹೆಬ್ಬಾಳದ ಕಡೆಯ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಒಂದು ತಂಡದ ಲೀಡ್. ಕ್ಯಾಲೆಂಡರಿನ ದೊಡ್ಡ ಹಾಳೆಯನ್ನು ತಿರುಗಿಸಿ, ಚೌಕಳಿ ಎಳೆದು, ದೇವರ ಜಗಲಿಯ ಪಕ್ಕದ ಗೋಡೆಗೆ ಅಂಟಿಸಿದ.

"ಇದು ಬರ್ನ್‌ಡೌನ್ ಚಾರ್ಟ್. ಇನ್ನೂ ಎಷ್ಟು ಕೆಲಸ ಉಳದದ ಅಂತ ದಿನಾ ಸಂಜಿ ಒಂದು ಚುಕ್ಕಿ ಇಡತೀನಿ. ಕೆಲಸ ಮುಗಿದಂಗ ಗೆರಿ ಕೆಳಗ ಇಳೀತದ. ಶನಿವಾರ ಸಂಜಿಗೆ ನೆಲಾ ಮುಟ್ಟಿತಂದ್ರ ಎಲ್ಲಾ ತಯಾರ್!"

"ನಿಮ್ಮ ಆಫೀಸಲ್ಲಿ ಯಾವತ್ತಾದ್ರೂ ನೆಲ ಮುಟ್ಟಿದೆಯೇನ್ರೀ?" ಬೆಂಗಳೂರಿನಲ್ಲೇ ಬೆಳೆದ ಸ್ಮಿತಾ ಕೇಳಿದಳು.

"ಅಲ್ಲಿ ಮಂದಿ ಬ್ಯಾರೆ, ನೀವು ಬ್ಯಾರೆ."

"ಅಂದ್ರೆ ಮುಟ್ಟಿಲ್ಲ."

ಸಂಗವ್ವ ಮಾತ್ರ ಹಾಳೆಯನ್ನೇ ದಿಟ್ಟಿಸುತ್ತಿದ್ದಳು. "ಬರ್ನ್ ಅಂದ್ರ ಏನ ತಮ್ಮಾ?"

"ಸುಡೋದು."

"ಡೌನ್ ಅಂದ್ರ?"

"ಕೆಳಗ ಹೋಗೋದು."

"ಶಿವ ಶಿವಾ! ಬಸುರಿ ಹೆಣ್ಮಗಳು ಬರೋ ಮನ್ಯಾಗ, ಜಗಲಿ ಬಾಜೂಕ ಸುಡೋದು, ಬೀಳೋದು ಬರದು ಹಚ್ಚತೀಯೇನ?"

"ಅವ್ವಾ, ಇದು ಮ್ಯಾನೇಜ್‌ಮೆಂಟು. ನಿನಗ ತಿಳಿಯಂಗಿಲ್ಲ."

ಸಂಗವ್ವ ಹಣೆಯ ವಿಭೂತಿ ಮುಟ್ಟಿಕೊಂಡು ಒಳಗೆ ಹೋದಳು. ಅಂದೇ ಹೇಮಂತನಿಗೆ ಭಯವಾಗಬೇಕಿತ್ತು. ಆಗಲಿಲ್ಲ.

ಸೋಮವಾರ ಬೆಳಗ್ಗೆ ಆಫೀಸಿನ ಪದ್ಧತಿಯಂತೆ ಎಲ್ಲರೂ ನಿಂತುಕೊಂಡೇ ನಡೆಸುವ ಸಭೆ ಕರೆದ. ಸಂಗವ್ವ ಮಣೆ ಹಾಕಿಕೊಂಡು ಕುಳಿತಳು. "ನಿಂತಕೊಂಡ ಮಾತಾಡಾಕ ನಾವೇನ್ ಬಸ್‌ಸ್ಟಾಪಿನ್ಯಾಗ ಅದೀವೇನ?" ಸ್ಮಿತಾ ಒಲೆಯ ಮೇಲೆ ಹಾಲಿಟ್ಟು ಬಂದಿದ್ದಳು. ನಿನ್ನೆ ಏನಾಯಿತು, ಇಂದು ಏನಾಗಬೇಕು, ಅಡಚಣೆ ಏನು ಎಂದು ಹೇಮಂತ ವಿಚಾರಿಸುವಷ್ಟರಲ್ಲಿ ಹಾಲೇ ಉಕ್ಕಿ ಉತ್ತರ ಕೊಟ್ಟಿತು.

"ಅಡಚಣೆ ನೀವೇ!" ಎಂದು ಸ್ಮಿತಾ ಒಳಗೆ ಓಡಿದಳು.

ಆದರೂ ಸಂಜೆಯ ಹೊತ್ತಿಗೆ ಶೇಂಗಾ ಚಟ್ನಿ ಕುಟ್ಟಿ ಆಗಿತ್ತು, ಹಸಿರು ಸೀರೆ, ಹಸಿರು ಬಳೆ ಬಂದಿದ್ದವು. ಗೆರೆ ಇಳಿಯಿತು! ಹೇಮಂತ ಶಿಳ್ಳೆ ಹೊಡೆದ. ಮಂಗಳವಾರ ಎದ್ದು ನೋಡಿದರೆ ಚಾರ್ಟು ಅಡ್ಡಲಾಗಿ ತಿರುಗಿತ್ತು, ಗೆರೆ ಮೇಲಕ್ಕೆ ಏರಿತ್ತು.

"ಯಾರು ತಿರುಗಿಸಿದ್ದು?"

"ಗಾಳಿಗೆ ತಿರುಗಿರಬೇಕು," ಎಂದಳು ಸಂಗವ್ವ, ದೀಪಕ್ಕೆ ಎಣ್ಣೆ ಹಾಕುತ್ತ. ನಾಲ್ಕು ಮೂಲೆಗೂ ಟೇಪು ಹಚ್ಚಿದ ಹಾಳೆ! ಗಾಳಿ ಟೇಪು ಬಿಚ್ಚಿ, ತಿರುಗಿಸಿ, ಮತ್ತೆ ಹಚ್ಚಿ ಹೋಗಿತ್ತು!

ಹೇಮಂತ ಹಾಳೆಯನ್ನು ಸರಿಮಾಡಿ, ಈ ಸಲ ಬೆನ್ನಿಗೆಲ್ಲ ಗೋಂದು ಬಳಿದು ಅಂಟಿಸಿದ. ಬುಧವಾರ ಪಕ್ಕದ ಮನೆಯ ರತ್ನಕ್ಕ ಬಂದು ಸ್ಮಿತಾಳ ಜೊತೆ ಕಟಕ್ ರೊಟ್ಟಿ ಬಡಿದರು. ಗೆರೆ ಮತ್ತೆ ಇಳಿಯಿತು. ಗುರುವಾರ ಸಂಜೆ ಲೆಕ್ಕ ಹಾಕಿದರೆ ಅದು ಹೊರಟ ಜಾಗಕ್ಕಿಂತ ಮೇಲಿತ್ತು! ಇನ್ನಷ್ಟು ರೊಟ್ಟಿ, ಇನ್ನಷ್ಟು ಹೋಳಿಗೆ, ಇನ್ನಷ್ಟು ಬಾಡಿಗೆ ಕುರ್ಚಿ.

"ಸ್ಮಿತಾ, ಮುಗಿದ ರೊಟ್ಟಿ ಕೆಲಸ ಮತ್ತ ಹೆಂಗ ಬಂತು?"

"ಜನ ಜಾಸ್ತಿ ಆದ್ರಂತೆ. ಅತ್ತೆ ಹೇಳಿದ್ರು."

"ಯಾವ ಜನಾ?"

"ನನ್ನ ಕೇಳ್ತೀರಾ? ನಿಮ್ಮ ಚಾರ್ಟ್ ಕೇಳಿ!"

ಶುಕ್ರವಾರ ಹೇಮಂತ ಮನೆಯಿಂದಲೇ ಕೆಲಸ ಮಾಡುತ್ತಿದ್ದಾಗ ಗುಟ್ಟು ರಟ್ಟಾಯಿತು. ಸಂಗವ್ವ ಚಾರ್ಟಿನ ಮುಂದೆ ನಿಂತು ಫೋನಿನಲ್ಲಿ ಮಾತಾಡುತ್ತಿದ್ದಳು. "ಹೂಂ, ಶೆಟ್ಟಿಹಳ್ಳಿಯವರನ್ನೂ ಕರಕೊಂಡ ಬಾರವಾ. ಭಜನಿ ಸಂಘದವರು ಎಲ್ಲಾರೂ ಬರ್ರಿ. ಇಲ್ಲಂದ್ರ ಸಂಜಿಗೆ ಇಲ್ಲೆ ಗೆರಿ ಮತ್ತ ಇಳೀತೈತಿ."

ಹೇಮಂತ ಲ್ಯಾಪ್‌ಟಾಪು ಬಿಟ್ಟು ಓಡಿ ಬಂದ. "ಅವ್ವಾ! ಗೆರಿ ಇಳದಾಗೆಲ್ಲ ಮಂದೀನ ಕರೀಲಿಕ್ಕೆ ಹತ್ತೀಯೇನ?"

"ಮತ್ತೇನ್ ಮಾಡ್ಲಿ? ತಿರುಗಿಸಿ ಹಚ್ಚಿದರ ಗೋಂದು ಬಳದಿ. ನೀ ಇಳಸತಿ, ನಾ ಏರಸತೀನಿ. ನನ್ನ ಮಗಳು ಬಂದು ಕುಂದರೋ ಹೊತ್ತಿಗೆ ಗ್ವಾಡಿ ಮ್ಯಾಲ ಇಳಿಯೋ ಗೆರಿ ಇರಬಾರ್ದು, ಅಷ್ಟ."

"ಇಷ್ಟು ಮಂದಿಗೆ ಅಡಗಿ ಹೆಂಗ ಆಗೋದು? ಮತ್ತ ಮೂರು ಗಂಟೆ ಆಗತದ! ಐಶ್ವರ್ಯನ ಗತಿ?"

"ಅದಕ್ಕ ಶಿವ ಅದಾನ."

"ಶಿವ ರೊಟ್ಟಿ ಬಡೀತಾನೇನ?"

ಸಂಗವ್ವ ಮಗನನ್ನು ಕನಿಕರದಿಂದ ನೋಡಿ ಮುಂದಿನ ನಂಬರು ಒತ್ತಿದಳು.

ಶನಿವಾರ ಸಂಜೆ ಗೆರೆ ಹಾಳೆಯನ್ನೇ ದಾಟಿ ಗೋಡೆ ಹತ್ತಿತು. ಹೇಮಂತ ಕುರ್ಚಿಯ ಮೇಲೆ ನಿಂತು ಕೊನೆಯ ಚುಕ್ಕಿಯನ್ನು ಸುಣ್ಣದ ಮೇಲೆಯೇ ಇಟ್ಟ.

"ಇಳಿಯೋದು ಬಿಡಿ, ನಿಮ್ಮನ್ನೂ ಹತ್ತಿಸಿಬಿಡ್ತು," ಎಂದಳು ಸ್ಮಿತಾ. ಅವಳ ಮುಖದ ತುಂಬ ಹಿಟ್ಟು. ರೊಟ್ಟಿ ಅರ್ಧವೂ ಆಗಿರಲಿಲ್ಲ.

ಭಾನುವಾರ ಬಂದೇಬಿಟ್ಟಿತು. ಬೀಗರ ಕಾರಿಗಿಂತ ಮೊದಲೇ ಭಜನೆ ಸಂಘದವರು, ಶೆಟ್ಟಿಹಳ್ಳಿಯವರು, ರತ್ನಕ್ಕನ ಬೀದಿಯವರು ಮೆಟ್ಟಿಲು ಹತ್ತಿದರು. ಎಣಿಸುತ್ತ ಎಣಿಸುತ್ತ ಹೇಮಂತನಿಗೆ ಲೆಕ್ಕ ತಪ್ಪಿತು. ಆಮೇಲೆ ಅವರ ಕೈಗಳ ಕಡೆ ನೋಡಿದ. ಪ್ರತಿಯೊಬ್ಬರ ಕೈಯಲ್ಲೂ ಬಟ್ಟೆ ಮುಚ್ಚಿದ ಬುಟ್ಟಿ, ಡಬರಿ, ಡಬ್ಬಿ. ರೊಟ್ಟಿ, ಎಣ್ಣೆಗಾಯಿ, ಹೋಳಿಗೆ, ಕರಿಗಡುಬು, ಬಣ್ಣ ಬಣ್ಣದ ಚಿತ್ರಾನ್ನ! ಬಸುರಿಯನ್ನು ನೋಡಲು ಬುತ್ತಿ ಇಲ್ಲದೆ ಬರುವ ಹೆಂಗಸು ಉತ್ತರ ಕರ್ನಾಟಕದ ಕಡೆ ಯಾರಿದ್ದಾರೆ? ಇದು ಹೇಮಂತನಿಗೆ ಗೊತ್ತಿಲ್ಲದ್ದೇನಲ್ಲ. ಚಾರ್ಟಿನಲ್ಲಿ ಅದಕ್ಕೊಂದು ಚೌಕ ಇರಲಿಲ್ಲ, ಅಷ್ಟೆ.

ಹನ್ನೆರಡೂವರೆಗೆ ಮೊದಲ ಪಂಕ್ತಿ ಕುಳಿತಿತು. ಹಸಿರು ಸೀರೆಯಲ್ಲಿ ಐಶ್ವರ್ಯ ನಗುತ್ತಿದ್ದಳು. ಬೀಗಿತಿ ಎರಡನೇ ಹೋಳಿಗೆಗೆ ತುಪ್ಪ ಹಾಕಿಸಿಕೊಂಡು, "ಮದುವಿ ದಿನ ಕಾಯಿಸಿದ್ದಕ್ಕ ಇವತ್ತ ಬಡ್ಡಿ ಸಮೇತ ಉಣಿಸಿದ್ರಿ ನೋಡ್ರಿ!" ಎಂದರು. ಕೈತೊಳೆದು ಬಂದ ಅವರ ಕಣ್ಣು ಗೋಡೆಗೆ ಬಿತ್ತು. "ಎಷ್ಟ ಚಂದ ಏರೈತಿ ಗೆರಿ! ಯಾರ ಬರದಾರ?"

ಹೇಮಂತ ಕಂಬದ ಮರೆಗೆ ಸರಿದ. ಸಂಗವ್ವ ಅಲ್ಲಿಂದಲೇ ಅವನ ರಟ್ಟೆ ಹಿಡಿದು ಎಳೆದಳು. "ನನ್ನ ಮಗಾ ರೀ! ಆಫೀಸಿನ್ಯಾಗೂ ಇದ ಕೆಲಸ ಅವಂದು."

ಸ್ಮಿತಾ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಅಡುಗೆಮನೆಗೆ ಓಡಿದಳು.

ಎಲ್ಲರೂ ಹೋದ ಮೇಲೆ ನೋಡಿದರೆ ಅಡುಗೆಮನೆಯಲ್ಲಿ ಕಾಲಿಡಲು ಜಾಗವಿಲ್ಲ. ಫ್ರಿಜ್ಜಿನ ಮೇಲೆ, ಬೀರುವಿನ ಮೇಲೆ, ಮಂಚದ ಕೆಳಗೆ ರೊಟ್ಟಿ, ರೊಟ್ಟಿ, ರೊಟ್ಟಿ! ಹೇಮಂತ ದಿಕ್ಕೆಟ್ಟು ನಿಂತಿದ್ದಾಗ ಸ್ಮಿತಾ ಹೊಸ ಹಾಳೆ ತಂದು, ಸ್ಕೇಲು ಹಿಡಿದು ಚೌಕಳಿ ಎಳೆದಳು. ಮೇಲ್ತುದಿಯಲ್ಲಿ ಒಂದು ಚುಕ್ಕಿ ಇಟ್ಟಳು. ಮೇಲೆ ಬರೆದಳು: "ಉಳಿದ ರೊಟ್ಟಿ."

"ಇದರ ತಂಡದಾಗ ಯಾರಾರು?" ಹೇಮಂತ ಕೇಳಿದ.

"ನೀವೊಬ್ರೇ."

ಅವನು ಆಸೆಯಿಂದ ತಾಯಿಯ ಕಡೆ ತಿರುಗಿದ. ಸಂಗವ್ವ ಅವನ ತಟ್ಟೆಗೆ ರೊಟ್ಟಿ ಹಾಕುತ್ತಿದ್ದಳು.

"ಉಣ್ಣು ತಮ್ಮಾ. ಕುಬುಸ ಆತಲ್ಲ, ಇನ್ನ ಗೆರಿ ಎಷ್ಟರ ಇಳೀಲಿ!"