ನಲವತ್ತು ಹೆಜ್ಜಿ ಅಂತರದ ಬೋರಿಂಗು

೧೯೮೮ರ ಬೇಸಗಿ. ರಾಯಚೂರಿನ ಕಚೇರಿಯೊಂದಕ್ಕೆ ಕಂಪ್ಯೂಟರ್ ಬಂದು, ಅದರ ಮುಂದೆ ಕೂಡುವ ಭಾಗ್ಯ ಮೌನಪ್ಪನ ಪಾಲಿಗೆ ಒದಗಿತ್ತು. (ಚಪ್ಪಲಿ ಹೊರಗೆ ಬಿಟ್ಟು ಹೋಗಬೇಕಾದ ಖೋಲಿ ಅದು, ಗರ್ಭಗುಡಿಗೂ ಇಲ್ಲದ ಎರಡು ಫ್ಯಾನು ಅಲ್ಲಿದ್ದವು.) ಮಾನ್ವಿ ತಾಲೂಕಿನವರೂ ದೇವದುರ್ಗ ತಾಲೂಕಿನವರೂ ಬರೆದು ಕಳಿಸಿದ ಕೈಪಂಪುಗಳ ಪಟ್ಟಿಯಲ್ಲಿ ಎರಡರ ಗಡಿ ಹಳ್ಳಿಗಳ ಬೋರಿಂಗುಗಳು ಎರಡೆರಡು ಸಲ ಸೇರಿಬಿಟ್ಟಿದ್ದವು. ಮೌನಪ್ಪ ಮೂರು ದಿನ ಕೂತು ಪ್ರೋಗ್ರಾಮ್ ಬರೆದ: ನಕಾಶೆಯ ಮೇಲೆ ಐವತ್ತು ಗಜದೊಳಗೆ ಎರಡು ಚುಕ್ಕಿ ಕಂಡರೆ ಅವು ಒಂದೇ ಬೋರಿಂಗು; ಎರಡನೆಯದನ್ನು ಅಳಿಸು.

“ಒಂದ ಗುಂಡಿ ಒತ್ತಿದೆ, ಅರವತ್ತೊಂದು ಖಲಾಸ್,” ಎಂದು ಸಂಜೆ ಹೆಂಡತಿ ಮಾನಮ್ಮನ ಮುಂದೆ ವಿಜಯಘೋಷ ಮಾಡಿದ.

ರೊಟ್ಟಿ ಬಡಿಯುತ್ತಿದ್ದ ಮಾನಮ್ಮನ ಕೈ ನಿಂತಿತು. ಅವಳ ತವರು ಕವಿತಾಳದ ಹತ್ತಿರದ ಹಳ್ಳಿ. “ನಮ್ಮೂರಾಗ ಗುಡಿ ಮುಂದ ಒಂದು ಅದ, ನಮ್ಮ ಕೇರಿಯಾಗ ಒಂದು ಅದ. ಎರಡೂ ಉಳದಾವೇನು?”

“ನಲವತ್ತು ಹೆಜ್ಜಿ ಅಂತರ. ಕೇರಿದು ಹೋತು.”

“ಪಟ್ಟ್ಯಾಗ ಇಲ್ಲಂದ್ರ ರಿಪೇರಿಗೆ ಯಾರು ಬರ್ತಾರ? ಗುಡಿ ಮುಂದಿನದಕ್ಕ ನಮ್ಮ ಕೊಡ ಮುಟ್ಟಗೊಡಂಗಿಲ್ಲ. ನಿಮಗ ಗೊತ್ತಿಲ್ಲೇನು?”

“ನನಗ ಗೊತ್ತದ. ಕಂಪ್ಯೂಟರಿಗೆ ಗೊತ್ತಿಲ್ಲ.”

“ಅದಕ್ಕ ಕಲಿಸಿದವರು ಯಾರು?”



ಮರುದಿನ ಕಚೇರಿಯ ಮುಖ್ಯಸ್ಥ ಶಂಶುದ್ದೀನ್ ಸಾಹೇಬರು ಪಟ್ಟಿಯನ್ನು ಮೇಲಿನವರಿಗೆ ಕಳಿಸಲು ಲಕೋಟೆಗೆ ತುಂಬುತ್ತಿದ್ದರು. ಮೌನಪ್ಪ ಹೋಗಿ ಲಕೋಟೆಯ ಮೇಲೆ ಕೈ ಇಟ್ಟ. ಹನ್ನೊಂದು ವರ್ಷದ ನೌಕರಿಯಲ್ಲಿ ಸಾಹೇಬರ ಮೇಜು ಮುಟ್ಟಿದ್ದು ಅದೇ ಮೊದಲು.

“ತಪ್ಪು ನಂದು ಸಾಹೇಬ್ರ. ಆದ್ರ ಇದು ಹೋಗಂಗಿಲ್ಲ.”

ಸಾಹೇಬರು ಎಲ್ಲ ಕೇಳಿಕೊಂಡು, ಕನ್ನಡಕ ಒರೆಸಿಕೊಂಡರು. “ಹಂಗಾದ್ರ ಯಾವುದು ಒಂದು, ಯಾವುದು ಎರಡು, ನೀನೇ ಹೋಗಿ ಬೋರಿಂಗು ಹೊಡದು ನೋಡ್ಕೊಂಡು ಬಾ. ಅರವತ್ತೊಂದೂ.”

ಮೊದಲ ಹಳ್ಳಿ ಅತ್ತೆಯದೇ. “ನಾ ಬರೀತೀನಿ, ನೀವು ಹೊಡೀರಿ,” ಎಂದು ಮಾನಮ್ಮನೂ ಹೊರಟಳು. ಅಳಿಯನೇ ಸರ್ಕಾರವಾಗಿ ಬಂದಿದ್ದಾನೆಂದು ಕೇರಿಯವರು ಕೊಡ ಸಾಲಿಗಿಟ್ಟರು. ಹದಿನೇಳು ಕೊಡ ತುಂಬುವಷ್ಟರಲ್ಲಿ ಮೌನಪ್ಪನ ಅಂಗೈ ತುಂಬ ಬೊಬ್ಬೆ.

“ನೀರು ಬಂತಂತ ಬರಿ, ಸಾಕು,” ಎಂದ.

ಮಾನಮ್ಮ ಖಾಲಿ ಕೊಡವೊಂದನ್ನು ಎತ್ತಿಕೊಂಡು ಗುಡಿಯ ಕಡೆ ನಡೆದಳು. ಕಟ್ಟೆಯ ಮೇಲೆ ಕೂತವರಲ್ಲಿ ಒಬ್ಬ ಮುದುಕ, “ಯಾಕವಾ, ಎಲ್ಲಿಗೆ?” ಎಂದ.

“ಸರ್ಕಾರಿ ತಪಾಸಣಿ ರೀ,” ಎಂದವಳೇ ಆ ಬೋರಿಂಗಿನ ಬಾಯಿಗೆ ಕೊಡ ಇಟ್ಟು ಗಂಡನನ್ನು ನೋಡಿದಳು. ಮೌನಪ್ಪನಿಗೆ ಹಿಂದಕ್ಕೆ ಹೋಗಲು ಕಾಲಿದ್ದವು, ಮುಖ ಇರಲಿಲ್ಲ. ಹೋಗಿ ಹಿಡಿಕೆ ಹಿಡಿದು ಹೊಡೆದ. ಕೊಡ ತುಂಬಿತು. ಯಾರೂ ಕಟ್ಟೆಯಿಂದ ಏಳಲಿಲ್ಲ.

ಮಾನಮ್ಮ ಬೊಗಸೆಯಲ್ಲಿ ಕುಡಿದು ಮುಖ ಸಿಂಡರಿಸಿದಳು. “ಸವುಳು, ಬರೇ ಉಪ್ಪು. ಇಷ್ಟು ವರ್ಷ ಈ ನೀರಿಗೆ ಕಾವಲಿದ್ರೇನು?” ಕೊಡದ ನೀರನ್ನು ಅಲ್ಲೇ ಚೆಲ್ಲಿ, ವಹಿ ತೆಗೆದು ಬರೆದಳು: ಬ್ಯಾರೆ ನೀರು, ಬ್ಯಾರೆ ಬೋರಿಂಗು.

“ಇನ್ನ ಅರವತ್ತ ಉಳದಾವ,” ಎಂದು ಮೌನಪ್ಪ ಬಸ್ ನಿಲ್ದಾಣದಲ್ಲಿ ಆ ಕೊಡವನ್ನು ಕಾಲ ಬಳಿ ಇಟ್ಟು, ಕೈಗೆ ಬಾಯಿಂದ ಊದಿಕೊಂಡ.

“ಅರವತ್ತೆಲ್ಲಿ? ಎರಡೂ ಹೊಡೀದೆ ಅವು ಬ್ಯಾರೆ ಅಂತ ಹೆಂಗ ಗೊತ್ತಾಗ್ತದ? ಜೋಡಿ ಜೋಡಿ ಹೊಡೀಬೇಕು. ನೂರಾ ಇಪ್ಪತ್ತು.”

ದೇವದುರ್ಗದ ಬಸ್ಸು ಬಂತು. ಮಾನಮ್ಮ ಮೊದಲು ಹತ್ತಿ ಸೀಟು ಹಿಡಿದು, ಕಿಟಕಿಯಿಂದ ಕೈ ಚಾಚಿ, ಖಾಲಿ ಕೊಡ ಕೊಡ್ರಿ ಎಂದಳು.