ಒಂದು ‘ಇನ್’ ಕಮ್ಮಿ

ದಿನಕ್ಕೆ ಹತ್ತು ಪದ! ಅದೂ ಅಂತಿಂಥವಲ್ಲ, ಉಚ್ಚರಿಸಿದರೆ ದವಡೆ ನೋಯುವಂಥ ಇಂಗ್ಲಿಷ್ ಪದಗಳು. “ವರ್ಷ ಮುಗಿಯೋದ್ರೊಳಗೆ ಇಂಗ್ಲಿಷಿನವರೇ ನನ್ನ ಹತ್ರ ಸಂದೇಹ ಕೇಳೋಕೆ ಬರಬೇಕು, ನೋಡ್ತಿರು!” ಎಂದು ಮಾತ್ರೆರಾಯರು ಹೆಂಡತಿಯೆದುರು ಘೋಷಿಸಿದರು. ಆಸ್ಪತ್ರೆಯ ಔಷಧಿ ಕಿಟಕಿಯಲ್ಲಿ ಇಪ್ಪತ್ತೆರಡು ವರ್ಷ ಮಾತ್ರೆ ಕೊಟ್ಟವರಿಗೆ ರೋಗಿಗಳು ಕೊಟ್ಟ ಬಿರುದು ಈ ‘ಮಾತ್ರೆರಾಯರು’.

ಈ ವೀರಾವೇಶದ ಬೇರು ಭಯದಲ್ಲಿತ್ತು. ಕಿಟಕಿಯಲ್ಲಿರುವ ಇಬ್ಬರಲ್ಲಿ ಒಬ್ಬರನ್ನು ತೆಗೆಯುತ್ತಾರಂತೆ! ಇನ್ನೊಬ್ಬನೋ, ಅರಳು ಹುರಿದಂತೆ ಇಂಗ್ಲಿಷ್ ಮಾತಾಡುವವನು.

ಹತ್ತನೆಯ ದಿನಕ್ಕೇ ಪರೀಕ್ಷೆ ಬಂತು. ಹೊಸದಾಗಿ ಬಂದ ಮುಖ್ಯ ಡಾಕ್ಟರಮ್ಮ ಎಲ್ಲರಿಗೂ ಒಂದೊಂದು ಫಾರಂ ಕೊಟ್ಟರು. ‘ನಿಮ್ಮ ಬಗ್ಗೆ ಒಂದೇ ವಾಕ್ಯ, ಇಂಗ್ಲಿಷಿನಲ್ಲಿ.’ ರಾಯರು ಹಿಂದುಮುಂದು ನೋಡಲಿಲ್ಲ. ಬರೆದರು, ಸಹಿ ಜಡಿದರು, ಕೊಟ್ಟು ಊಟಕ್ಕೆ ಮನೆಗೆ ಬಂದರು.

“ಏನು ಬರೆದ್ರಿ?” ಎಂದಳು ಹೆಂಡತಿ.

“ಈ ಆಸ್ಪತ್ರೇಲಿ ನನ್ನಷ್ಟು ಡಿಸ್ಪೆನ್ಸಬಲ್ ಮನುಷ್ಯ ಇನ್ನೊಬ್ಬನಿಲ್ಲ ಅಂತ! ಔಷಧಿ ಕೊಡೋದು ಡಿಸ್ಪೆನ್ಸ್. ಚೆನ್ನಾಗಿ ಕೊಡೋನು ಡಿಸ್ಪೆನ್ಸಬಲ್. ಹೇಗಿದೆ?”

“ನಿಘಂಟಲ್ಲಿ ನೋಡಿದ್ರಾ?”

“ನೋಡೋದೇನು? ನಾನೇ ಕಟ್ಟಿದ ಪದ ಕಣೇ!”

ಆಕೆ ಸೌಟು ಕೆಳಗಿಟ್ಟು ನಿಘಂಟು ತೆರೆದಳು. ಬೆರಳು ಒಂದು ಕಡೆ ನಿಂತಿತು. “ರೀ... ‘ಇಲ್ಲದಿದ್ದರೂ ನಡೆಯುವ, ಕೈಬಿಡಬಹುದಾದ’ ಅಂತಿದೆ.”

ರಾಯರು ಎತ್ತಿದ ತುತ್ತನ್ನು ತಟ್ಟೆಗೇ ಹಾಕಿ ನಿಘಂಟಿನ ಮೇಲೆ ಬಗ್ಗಿದರು.

“ಶುರುವಲ್ಲಿ ಒಂದು ‘ಇನ್’ ಸೇರಿಸಿದ್ರೆ, ನೀವಿಲ್ದೆ ನಡೆಯೋದೇ ಇಲ್ಲ ಅಂತಾಗ್ತಿತ್ತು.”

“ಅಯ್ಯೋ, ನನ್ನನ್ನ ತೆಗೀರಿ ಅಂತ ನಾನೇ ಸಹಿ ಹಾಕಿ ಬಂದ್ನಲ್ಲೇ!”

ಕೈ ತೊಳೆದರೋ ಇಲ್ಲವೋ, ರಾಯರಿಗೆ ನೆನಪಿಲ್ಲ. ಒಂದು ಕಾಲಿಗೆ ತಮ್ಮ ಚಪ್ಪಲಿ, ಇನ್ನೊಂದಕ್ಕೆ ಹೆಂಡತಿಯದು. ಏದುಸಿರು ಬಿಡುತ್ತ ಡಾಕ್ಟರಮ್ಮನ ಕೋಣೆಗೆ ನುಗ್ಗಿದರೆ, ಮೇಜಿನ ಮೇಲಿನ ರಾಶಿಯಲ್ಲಿ ಅವರ ಫಾರಮ್ಮೇ ಎಲ್ಲಕ್ಕಿಂತ ಮೇಲೆ! ಅದರ ಸುತ್ತ ಕೆಂಪು ಶಾಯಿಯ ಗೆರೆ ಬೇರೆ. ಡಾಕ್ಟರಮ್ಮ ತಲೆಯೆತ್ತಿದರು.

“ಬನ್ನಿ, ನಿಮ್ಮನ್ನೇ ಕರೆಸಬೇಕು ಅಂತಿದ್ದೆ.”

“ಮೇಡಂ, ಅದರಲ್ಲಿ ಒಂದು ಇನ್...”

“ಮೊದಲು ನಾನು ಹೇಳೋದು ಕೇಳಿ. ‘ನಾನಿಲ್ಲದಿದ್ರೆ ಆಸ್ಪತ್ರೆಗೆ ಬೀಗಾನೇ ಗತಿ’ ಅಂತ ಎಲ್ಲರೂ ಬರೆದಿದಾರೆ. ನಿಮ್ಮ ಜೊತೆಯವರಂತೂ ಮೂರು ಸಾಲು ಕೊಚ್ಚಿಕೊಂಡಿದಾರೆ. ನಿಮಗೊಬ್ಬರಿಗೇ ಇಷ್ಟು ವಿನಯ! ಇಂಥೋರೇ ಬೇಕು ನನಗೆ. ಕಿಟಕೀಲಿ ನೀವೇ ಇರಿ, ಅವರನ್ನ ಬೇರೆ ವಿಭಾಗಕ್ಕೆ ಕಳಿಸ್ತೀನಿ. ಅದೇನೋ ‘ಇನ್’ ಅಂದ್ರಲ್ಲ?”

ಇಪ್ಪತ್ತೆರಡು ವರ್ಷದಲ್ಲಿ ಅದೆಷ್ಟೋ ಕಹಿ ಗುಳಿಗೆ ಕೊಟ್ಟಿದ್ದ ರಾಯರು, ನಾಲಿಗೆಯ ತುದಿಗೆ ಬಂದಿದ್ದ ಸತ್ಯವನ್ನು ನೀರಿಲ್ಲದೆಯೇ ನುಂಗಿದರು.

“ಇನ್... ಇನ್ನು ಬರ್ತೀನಿ ಮೇಡಂ!” ಎಂದು ಬಹಳ ವಿನಯದಿಂದ ಕೈಮುಗಿದರು.