ಒಂದು ಗಂಡು ಹೂವಿಗಾಗಿ

ಭಾನುವಾರ ಸಂಜೆ ಮನೋಹರ್ ಚಪ್ಪರಿಸಿ ತಿಂದ ಕುಂಬಳ ಹೂವಿನ ಬಜ್ಜಿ, ಸೋಮವಾರ ಬೆಳಗ್ಗೆ ಫೋನ್ ಬಂದೊಡನೆ ಅವನ ಹೊಟ್ಟೆಯಲ್ಲಿ ಕಲ್ಲಾಯಿತು.

ಮಲ್ಲೇಶ್ವರದ ಆ ಮನೆಯ ತಾರಸಿಯ ಮೇಲಿನ ಒಂಟಿ ರೂಮಿನಲ್ಲಿ ಅವನೂ ಹೆಂಡತಿ ವಾಣಿಯೂ ಬಾಡಿಗೆಗಿದ್ದರು. ಓನರ್ ಚೂಡಾಮಣಿಯಮ್ಮ ಮೈಸೂರಿಗೆ ಹೋಗುವಾಗ ತಾರಸಿ ತೋಟವನ್ನು ಅವನಿಗೆ ವಹಿಸಿದ್ದರು. ಬೇಸಿಗೆ ಶುರುವಾಗಿದೆ, ಎರಡು ಹೊತ್ತು ನೀರು ಹಾಕಬೇಕು, ಬುಡಕ್ಕೆ ಒಣ ಎಲೆ ಹೊದಿಸಬೇಕು, ಬದನೆ ಸಸಿಗೆ ಹಸಿರು ಬಲೆ ಕಟ್ಟಬೇಕು. ಎಲ್ಲವನ್ನೂ ನಡುಗುತ್ತಲೇ ಮಾಡಿ ಮುಗಿಸಿದ್ದ. ಈಗ ಫೋನಿನಲ್ಲಿ ಅವರದು ಹೊಸ ಅಪ್ಪಣೆ.

"ಕುಂಬಳದ ಮೊದಲ್ನೇ ಹೆಣ್ಣು ಹೂ ಇವತ್ತು ಅರಳಿರುತ್ತೆ. ನಮ್ಮ ಏರಿಯಾದಲ್ಲಿ ಜೇನುಹುಳ ಎಲ್ಲಿದೆ? ನೀವೇ ಒಂದು ಗಂಡು ಹೂ ಕಿತ್ತು ಅದಕ್ಕೆ ಸವರಿ. ಒಂಬತ್ತಕ್ಕೆಲ್ಲ ಮುದುಡ್ಕೊಂಡ್ಬಿಡುತ್ತೆ. ಸಂಜೆ ಬರ್ತೀನಿ, ಅಗ್ರಿಮೆಂಟ್ ವಿಷ್ಯ ಮಾತಾಡೋಣ."

ಬಳ್ಳಿಯಲ್ಲಿ ಗಂಡು ಹೂವು ಒಂದೂ ಉಳಿದಿರಲಿಲ್ಲ. ಬುಡದಲ್ಲಿ ಪುಟ್ಟ ಕಾಯಿಲ್ಲದ ಹೂವೆಲ್ಲ ದಂಡವೆಂದು ಮೊಗ್ಗು ಸಮೇತ ಕಿತ್ತು ಬಜ್ಜಿ ಮಾಡಿಸಿದವನು ಅವನೇ.

"ನಾಲ್ಕು ವರ್ಷಕ್ಕೆ ಇದು ಐದನೇ ಮನೆ ರೀ," ಎಂದಳು ವಾಣಿ. "ಇದನ್ನೂ ಬಿಡಿಸಿದ್ರೆ ನಾನು ಶ್ರೀರಾಂಪುರಕ್ಕೆ, ಅಮ್ಮನ ಮನೆಗೆ. ನೀವೆಲ್ಲಿಗೋ ನಂಗೊತ್ತಿಲ್ಲ."

ಎದುರುಮನೆ ಶ್ರೀನಿವಾಸಯ್ಯನವರ ಕಾಂಪೌಂಡಿನ ಮೇಲೆ ಕುಂಬಳ ಬಳ್ಳಿ ಹಬ್ಬಿತ್ತು. ಬಾಯಿಬಿಟ್ಟು ಕೇಳಿದ್ದರೆ ಕೊಡುತ್ತಿದ್ದರು. ಆದರೆ ಕೇಳಿದರೆ ಬಜ್ಜಿಯ ಕತೆ ಸಂಜೆಯೊಳಗೆ ಚೂಡಾಮಣಿಯಮ್ಮನ ಕಿವಿ ಮುಟ್ಟುವುದು ಖಂಡಿತ. ಬೀದಿ ಖಾಲಿಯಾಗಲೆಂದು ಎಂಟೂವರೆಯವರೆಗೆ ಕಾದ. ಆಮೇಲೆ ಗೋಡೆ ಹತ್ತಿದ.

ಹೂವಿಗೆ ಕೈ ಹಾಕಿದ್ದೇ ತಡ, ಯಾರೋ ಕಾಲು ಹಿಡಿದರು.

"ಕಾವೇರಮ್ಮ, ಬೇಗ ಬನ್ನಿ! ಹೂಕಳ್ಳ ಸಿಕ್ಕಿದ!" ಆರು ತಿಂಗಳಿಂದ ದಿನವೂ ದಾಸವಾಳ ಕಳೆದುಕೊಳ್ಳುತ್ತಿದ್ದ ಶ್ರೀನಿವಾಸಯ್ಯ ಹಿಡಿದ ಪಟ್ಟು ಉಡದ ಹಾಗಿತ್ತು.

ಪಕ್ಕದ ಮನೆಯ ಕಾವೇರಮ್ಮ ಹಾಲಿನ ಪ್ಯಾಕೆಟ್ ಹಿಡಿದೇ ಓಡಿಬಂದರು. "ಅಯ್ಯೋ, ಇವ್ರಾ! ಫೋಟೋ ತೆಗೀರಿ, ಚೂಡಾಮಣಿಗೆ ಕಳ್ಸೋಣ."

ಮನೋಹರ್ ಗೋಡೆಯ ಮೇಲಿಂದಲೇ ಕೈಮುಗಿದು ಬಜ್ಜಿ, ಹೆಣ್ಣು ಹೂವು, ಅಗ್ರಿಮೆಂಟ್, ಹೆಂಡತಿಯ ತವರು ಎಲ್ಲವನ್ನೂ ಒಂದೇ ಉಸಿರಿಗೆ ಒದರಿದ.

ಶ್ರೀನಿವಾಸಯ್ಯ ಕರಗಿಹೋದರು. "ಮೊದ್ಲೇ ಹೇಳ್ಬಾರ್ದೇನ್ರೀ? ಇಳೀರಿ, ಟೈಮಾಗ್ತಿದೆ! ಬಜ್ಜಿ ವಿಷ್ಯ ನಮ್ಮ ಬಾಯಿಂದ ಬರಲ್ಲ."

ಮೂವರೂ ನಾಲ್ಕು ಗಂಡು ಹೂವು ಹಿಡಿದು ತಾರಸಿಗೆ ಓಡಿದರು. ಮನೋಹರನ ಕೈ ನಡುಗುತ್ತಿದ್ದುದರಿಂದ ಪರಾಗ ಚೆನ್ನಾಗಿಯೇ ಉದುರಿತು.

ಸಂಜೆ ಚೂಡಾಮಣಿಯಮ್ಮ ಬಂದರು. ಧೈರ್ಯಕ್ಕಿರಲೆಂದು ನೆರೆಯವರಿಬ್ಬರೂ ಬಂದು ನಿಂತರು. ಆಕೆ ಕನ್ನಡಕ ಏರಿಸಿ ಹೂವು ನೋಡಿದರು, ಎಲೆ ಮಗುಚಿದರು, ಮಣ್ಣು ಮುಟ್ಟಿದರು.

"ಬಂಗಾರದಂಥ ಟೆನೆಂಟು ನಿಮಗೆ!" ಕೊಟ್ಟ ಮಾತಿನಂತೆ ಬಜ್ಜಿಯ ಸುದ್ದಿ ಎತ್ತದೆ ಶ್ರೀನಿವಾಸಯ್ಯ ಹೊಗಳತೊಡಗಿದರು. "ತೋಟ ಹೆಂಗಿಟ್ಟಿದಾರೆ ನೋಡಿ. ಬಿಸ್ಲೂ ಎಷ್ಟು ಚೆನ್ನಾಗಿದೆ ಇಲ್ಲಿ! ಈ ರೂಮೊಂದು ಅಡ್ಡ ಇಲ್ದಿದ್ರೆ ಇನ್ನೂ ಹತ್ತು ಬಳ್ಳಿ ಹಬ್ಬಿಸ್ಬೋದಿತ್ತು."

ಚೂಡಾಮಣಿಯಮ್ಮ ರೂಮಿನತ್ತ ತಿರುಗಿ ಸ್ವಲ್ಪ ಹೊತ್ತು ನೋಡಿದರು.

"ಹೌದಲ್ವಾ! ಇಷ್ಟು ದಿನ ನಂಗೆ ಹೊಳೀಲೇ ಇಲ್ಲ." ಮನೋಹರನ ಕಡೆ ಪ್ರೀತಿಯಿಂದ ನಕ್ಕರು. "ಬೇಜಾರ್ ಮಾಡ್ಕೋಬೇಡಿ, ಮುಂದಿನ ತಿಂಗಳು ರೂಮ್ ಒಡೆಸ್ಬಿಡ್ತೀನಿ. ನೀವು ಎಲ್ಲೇ ಮನೆ ಮಾಡಿದ್ರೂ ಬೆಳಿಗ್ಗೆ ಆರಕ್ಕೆ ನೀರು ಹಾಕೋಕೆ ಬಂದ್ಬಿಡಿ. ನಿಮ್ಮಂಥ ಕೈಗುಣ ಎಲ್ಲರಿಗೂ ಬರಲ್ಲ."

"ಆಗ್ಲಿ ಅಮ್ಮ," ಎಂದುಬಿಟ್ಟ ಮನೋಹರ್, ಹೆದರಿಕೆಗೆ.